ಸೆನ್ಸರ್ ಬದಲಾಯಿಸೋ ಮುಂಚೆ ಒಂದ್ಸಲ ಮೀಟರ್ ಹಿಡೀರಪ್ಪ

ನಮ್ಮ ಭಾವನ ಕಾರಿನ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಲಾಕ್ ಆಗದ ಹಾಗೆ ನೋಡ್ಕೊಳ್ಳೋ ವ್ಯವಸ್ಥೆ) ಕಥೆ ಕೇಳಿ ತಲೆ ಕೆಟ್ಟು ಕೂತಿದೀನಿ, ಇಲ್ಲಿ ಕಕ್ಕದೇ ಹೋದ್ರೆ ಊಟ ಸೇರಲ್ಲ. ಎಬಿಎಸ್ ಲೈಟ್ ಹತ್ತಿದೆ ಅಂತ ಗ್ಯಾರೇಜಿನವರು ಮುಂದಿನ ಬಲಗಡೆ ವೀಲ್ ಸ್ಪೀಡ್ ಸೆನ್ಸರ್ (ಚಕ್ರ ಎಷ್ಟು ಜೋರಾಗಿ ತಿರುಗ್ತಿದೆ ಅಂತ ಹೇಳೋ ಪೀಸು) ಹೊಸದು ಹಾಕಿದ್ರಂತೆ, ಲೈಟ್ ಆರಲಿಲ್ಲ. "ಪೀಸೇ ಡಿಫೆಕ್ಟ್ ಇರ್ಬೇಕು ಸರ್" ಅಂತ ಇನ್ನೊಂದು ಹಾಕಿದ್ರಂತೆ, ಎರಡು ದಿನ ಸುಮ್ಮನಿದ್ದ ಲೈಟ್ ಮಳೆ ಹನಿದ ಕೂಡ್ಲೇ ಮತ್ತೆ ಹತ್ಕೊಂಡಿದೆ. ಆಮೇಲೆ ಏನು, "ಎಬಿಎಸ್ ಮಾಡ್ಯೂಲೇ ಹೋಗಿದೆ" ಅಂತ, ಅಂದ್ರೆ ಎಬಿಎಸ್ ನಡೆಸೋ ಕಂಪ್ಯೂಟರ್ ಪೆಟ್ಟಿಗೆಯೇ ಕೆಟ್ಟಿದೆ ಅಂತ, ಒಂದು ಎಸ್ಟಿಮೇಟ್. ಆ ದುಡ್ಡಿಗೆ ನಮ್ಮ ಕಡೆ ಒಳ್ಳೇ ಸೆಕೆಂಡ್ ಹ್ಯಾಂಡ್ ಬೈಕೇ ಬರುತ್ತೆ. ಇಷ್ಟೆಲ್ಲದರ ಮಧ್ಯೆ ಒಬ್ಬನಾದ್ರೂ ಕರೆಂಟು, ವೋಲ್ಟೇಜು ಅಳೆಯೋ ಮಲ್ಟಿಮೀಟರ್ ಮುಟ್ಟಿದ್ನಾ ಭಾವ ಅಂತ ಕೇಳಿದ್ರೆ "ಅದೆಲ್ಲ ಇಲ್ಲ ಮಾರಾಯ, ಫೋನಿಗೆ ಕನೆಕ್ಟ್ ಮಾಡಿ ನೋಡಿದ್ರು ಅಷ್ಟೆ" ಅಂದ್ರು.

ನಾನು ಗಾಡಿ ವೈರಿಂಗ್ ಅಂಗಡಿ ಮುಚ್ಚಿ ತೋಟ ನೋಡ್ಕೊಂಡಿರೋದು ನಿಮಗೆಲ್ಲ ಗೊತ್ತೇ ಇದೆ. ಆದ್ರೂ ವೈರಿಂಗ್ ವಿಷಯ ಕಿವಿಗೆ ಬಿದ್ರೆ ಸುಮ್ಮನಿರೋಕೆ ಆಗಲ್ಲ.

ಹಾಗೆ ಫೋನಿಗೆ ಕನೆಕ್ಟ್ ಮಾಡಿದ ಸ್ಕ್ಯಾನರಲ್ಲಿ ಬಂದ ದೋಷದ ಕೋಡ್ ಸಿ0040. ಅಂದ್ರೆ ಮುಂದಿನ ಬಲ ಚಕ್ರದ ಸೆನ್ಸರ್ ಸರ್ಕ್ಯೂಟಲ್ಲಿ ಏನೋ ಸರಿಯಿಲ್ಲ. ಅಷ್ಟೇ ಅದು ಹೇಳೋದು. ಮಾಡ್ಯೂಲ್ ಪಿನ್ನಿಂದ ಶುರುವಾಗಿ ವೈರು, ಕನೆಕ್ಟರು, ಸೆನ್ಸರು, ಅದರೆದುರು ತಿರುಗೋ ಹಲ್ಲಿನ ರಿಂಗು ಅಥವಾ ಬೇರಿಂಗ್ ಸೀಲಿನಲ್ಲಿರೋ ಮ್ಯಾಗ್ನೆಟ್ ರಿಂಗು, ಇಷ್ಟರಲ್ಲಿ ಯಾವುದು ಬೇಕಾದ್ರೂ ಕೆಟ್ಟಿರಬಹುದು. ಬೇರಿಂಗ್ ಬದಲಾಯಿಸಿದವನು ಮ್ಯಾಗ್ನೆಟ್ ಇರೋ ಮುಖ ಉಲ್ಟಾ ಕೂರಿಸಿದ್ರೂ ಅದೇ ಸೆನ್ಸರ್ ಮೇಲೇ ಕೋಡ್ ಬರುತ್ತೆ, ಪಾಪ ಸೆನ್ಸರ್ ಏನು ಮಾಡಿತ್ತು? ನಮ್ಮವರಿಗೆ ಮಾತ್ರ ಕೋಡ್ ಅಂದ್ರೆ ಸ್ಪೇರ್ ಪಾರ್ಟ್ ಚೀಟಿ, ನೋಡಿದ್ರು, ಅಂಗಡಿಗೆ ಫೋನ್ ಮಾಡಿದ್ರು, ಮುಗೀತು.

ಅಳೆಯೋದು ಬ್ರಹ್ಮವಿದ್ಯೆ ಏನಲ್ಲ ಕಣ್ರೀ. ಹಳೇ ಟೈಪ್ ಕಾಯಿಲ್ ಸೆನ್ಸರ್ ಆದ್ರೆ ಎರಡು ಪಿನ್ ಮಧ್ಯೆ ಓಮ್ಸ್ (ಕರೆಂಟಿಗೆ ಎಷ್ಟು ತಡೆ ಅನ್ನೋ ಅಳತೆ) ನೋಡಿ, ಸಾಮಾನ್ಯವಾಗಿ 800ರಿಂದ 2000ದ ಒಳಗೆ ಇರುತ್ತೆ, ಚಕ್ರ ಎತ್ತಿ ಕೈಯಲ್ಲಿ ಜೋರಾಗಿ ತಿರುಗಿಸಿದ್ರೆ ಮೀಟರಲ್ಲಿ ಎಸಿ ವೋಲ್ಟೇಜ್ ಸ್ವಲ್ಪ ಏಳುತ್ತೆ. ಈಗಿನ ಗಾಡಿಗಳಲ್ಲಿ ಹೆಚ್ಚಾಗಿ ಬರೋದು ಆಕ್ಟಿವ್ ಸೆನ್ಸರ್, ಅಂದ್ರೆ ಹೊರಗಿಂದ ಸಪ್ಲೈ ಕೊಟ್ರೆ ಮಾತ್ರ ಕೆಲಸ ಮಾಡೋದು, ಅದಕ್ಕೆ ಓಮ್ಸ್ ಹಿಡಿದು ಪ್ರಯೋಜನ ಇಲ್ಲ, ಸುಮ್ನೆ ಒಳಗಿನ ಚಿಪ್ ಹಾಳಾದ್ರೂ ಆಗ್ಬಹುದು. ಅದಕ್ಕೆ ಮಾಡ್ಯೂಲ್ ಕಡೆಯಿಂದ ಸಪ್ಲೈ ಬರ್ತಿದೆಯಾ ನೋಡ್ಬೇಕು, ಮೀಟರನ್ನ ಸೀರೀಸಲ್ಲಿ ಹಾಕಿ ಚಕ್ರ ನಿಧಾನಕ್ಕೆ ತಿರುಗಿಸಿದ್ರೆ ಕರೆಂಟ್ ಸುಮಾರು 7 ಮಿಲಿ ಆಂಪಿಯರ್, 14 ಮಿಲಿ ಆಂಪಿಯರ್ ಅಂತ ಮೇಲೆ ಕೆಳಗೆ ಹಾರ್ತಾ ಇರುತ್ತೆ. ಹಾರ್ತಿದೆ ಅಂದ್ರೆ ಸೆನ್ಸರ್ ಬದುಕಿದೆ, ಅದನ್ನ ಬಿಟ್ಟು ವೈರ್ ಹಿಡ್ಕೊಂಡು ಹೋಗಿ.

ನಾನು ಮಾಡಿದ್ದೂ ಅದನ್ನೇ. ಬ್ಯಾಟರಿ ಟರ್ಮಿನಲ್ ತೆಗೆದು, ಮಾಡ್ಯೂಲ್ ಪ್ಲಗ್ ಬಿಚ್ಚಿ, ಆ ತುದಿ ಪಿನ್ನಿಂದ ಈ ತುದಿ ಪಿನ್ನಿಗೆ ಓಮ್ಸ್ ಹಿಡಿದ್ರೆ ಒಂದು ಓಮ್ ಒಳಗೇ ತೋರಿಸ್ತು, ಅಂದ್ರೆ ವೈರ್ ಸರಿ ಇದ್ದ ಹಾಗೆ. ಇಲ್ಲಿಗೇ ಬಿಟ್ಟಿದ್ರೆ ನಾನೂ ಮಾಡ್ಯೂಲ್ ಅಂತಿದ್ನೇನೋ. ವೈರ್ ಹಿಡಿದು ಅಲ್ಲಾಡಿಸ್ತಾ ಬಂದೆ, ಫೆಂಡರ್ ಒಳಗಿನ ಪ್ಲಾಸ್ಟಿಕ್ ಲೈನರ್ ಹಿಂದೆ ಕೈ ಹೋದಾಗ ಮೀಟರ್ ಓಎಲ್ ಅಂತು, ಅಂದ್ರೆ ವೈರ್ ಎಲ್ಲೋ ತುಂಡಾಗಿದೆ ಅಂತ, ಬಿಟ್ರೆ ಸರಿ, ಎಳೆದ್ರೆ ಓಎಲ್. ಲೈನರ್ ಬಿಚ್ಚಿ ನೋಡಿದ್ರೆ ಯಾವುದೋ ಪುಣ್ಯಾತ್ಮ ಹಿಂದೆ ಯಾವಾಗ್ಲೋ ಬಂಪರ್ ಕೆಲಸ ಮಾಡುವಾಗ ಕಿತ್ತುಹೋಗಿದ್ದ ವೈರಿಗೆ ಬರೀ ತಿರುಚಿ ಕರೀ ಟೇಪ್ ಸುತ್ತಿದಾನೆ. ಟೇಪಿನ ಅಂಟು ಕರಗಿ ಜಾರಿದೆ, ಒಳಗಿನ ತಾಮ್ರ ಹಸಿರು ತಿರುಗಿದೆ, ಉಗುರಲ್ಲಿ ಕೆರೆದ್ರೆ ಪುಡಿ ಉದುರ್ತಿದೆ. ಸೆನ್ಸರ್ ಹಾಕುವಾಗ ಕೈ ತಾಗಿ ಜಾಯಿಂಟ್ ಸ್ವಲ್ಪ ಕೂತಿದ್ದಕ್ಕೇ ಎರಡು ದಿನ ಲೈಟ್ ಸುಮ್ಮನಿದ್ದದ್ದು! ಹಸಿರು ಹಿಡಿದಿದ್ದನ್ನ ಕತ್ತರಿಸಿ ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಅಂಟಿರೋ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ, ಕೋಡ್ ಅಳಿಸಿ ಒಂದು ರೌಂಡ್ ಓಡಿಸಿದ್ವಿ. ಸ್ಕ್ಯಾನರಲ್ಲಿ ನಾಲ್ಕೂ ಚಕ್ರದ ಸ್ಪೀಡ್ ಒಟ್ಟೊಟ್ಟಿಗೆ ಏರ್ತಾ ಇಳೀತಾ ಇತ್ತು. ಖರ್ಚು? ಕಾಫಿ ಪುಡಿ ಪ್ಯಾಕೆಟಿಗೂ ಸಾಲಲ್ಲ.

ಈಗ ಗ್ಯಾರೇಜ್ ಇಟ್ಟಿರೋ ಸ್ನೇಹಿತರು ಮುನಿಸ್ಕೋತಾರೆ ಅಂತ ಗೊತ್ತು. "ಅಣ್ಣ, ಎರಡು ಗಂಟೆ ವೈರ್ ಹುಡುಕಿದ್ರೆ ಕಸ್ಟಮರ್ ಕೊಡ್ತಾನಾ? ಬರೀ ಚೆಕ್ ಮಾಡಿದ್ದಕ್ಕೂ ದುಡ್ಡಾ ಅಂತಾನೆ" ಅಂತ. ಅಂತಾನೆ, ಒಪ್ಪಿದೆ, ನನಗೂ ಅಂದಿದಾರೆ, ಅಂದವರಲ್ಲಿ ಕೆಲವರು ಇದನ್ನ ಓದ್ತಾನೂ ಇದೀರಿ. ಆದ್ರೆ ಬೇಡದ ಸೆನ್ಸರ್ ಎರಡೆರಡು ಸಲ ಬಿಲ್ ಮಾಡಿ, ಎಲೆಕ್ಟ್ರಿಕಲ್ ಐಟಮ್ ವಾಪಸ್ ಇಲ್ಲ ಅಂತ ಕೈ ತೊಳ್ಕೊಳ್ಳೋ ಬದಲು ಚೆಕಿಂಗ್ ಚಾರ್ಜ್ ಇಷ್ಟು ಅಂತ ಬೋರ್ಡ್ ಹಾಕಿ. ಬೇಡ ಅಂದವನನ್ನ ಕಳಿಸಿ. ಟೈಮ್ ಇಲ್ಲ ಅನ್ನೋದೂ ಸುಳ್ಳು, ಒಂದೇ ಕಾರಿನ ಟೈರ್ ಎರಡು ಸಲ ಬಿಚ್ಚೋಕೆ ಟೈಮ್ ಇತ್ತಲ್ಲ.

ನಿಜ ಹೇಳ್ಲಾ, ದುಡ್ಡು ಹೋಗಿದ್ದಕ್ಕೆ ನನಗೆ ಅಷ್ಟು ಸಂಕಟ ಆಗಿಲ್ಲ, ಭಾವನ ಹತ್ರ ಇದೆ, ಕೊಡ್ಲಿ ಬಿಡಿ. ಭಾವನ ಜೊತೆ ಆ ಗ್ಯಾರೇಜಿಗೆ ಹೋಗಿ ಮೀಟರ್ ಇದೆಯಾ ತಮ್ಮಾ ಅಂತ ಕೇಳಿದಾಗ ಹುಡುಗ ಡ್ರಾಯರ್ ತಳದಿಂದ ಒಂದು ಚೆಂದದ ಮೀಟರ್ ತೆಗೆದುಕೊಟ್ಟ, ಅದಕ್ಕೆ ಬ್ಯಾಟರಿಯೇ ಹಾಕಿರಲಿಲ್ಲ, ಸ್ಕ್ರೀನ್ ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರಲಿಲ್ಲ. ಅದನ್ನ ನೋಡಿ ಸಿಟ್ಟು ನೆತ್ತಿಗೇರ್ತು. ಚುರುಕಾದ ಹುಡುಗ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಯ್ತು, ಆ ಗಾಡಿಗಳೆಲ್ಲ ಈಗ ವಾರಂಟಿ ಮುಗಿಸಿ ಇಂಥ ಸಣ್ಣೂರ ಗ್ಯಾರೇಜುಗಳಿಗೇ ಬರೋದು.

ಇನ್ನೊಂದು ಮಾತು, ಹಳದಿ ಎಬಿಎಸ್ ಲೈಟ್ ಒಂದೇ ಹತ್ತಿದ್ರೆ ಸಾಮಾನ್ಯವಾಗಿ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತೆ, ಜೋರಾಗಿ ಒತ್ತಿದ್ರೆ ಚಕ್ರ ಲಾಕ್ ಆಗ್ಬಹುದು ಅಷ್ಟೆ. ಅದರ ಜೊತೆ ಕೆಂಪು ಬ್ರೇಕ್ ಲೈಟೂ ಹತ್ತಿದ್ರೆ ಗಾಡಿ ಪಕ್ಕಕ್ಕೆ ಹಾಕಿ, ಬ್ರೇಕ್ ಆಯಿಲ್ ನೋಡಿ, ಹಿಂದಿನ ಚಕ್ರಕ್ಕೆ ಬ್ರೇಕ್ ಎಷ್ಟು ಹೋಗ್ಬೇಕು ಅನ್ನೋ ಲೆಕ್ಕವೂ ಕೈಕೊಟ್ಟಿರಬಹುದು. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯೋರಿಗೆ ಇದನ್ನ ಬಿಡಿಸಿ ಹೇಳೋದೇನೂ ಬೇಡ. ಹಂಗಿದ್ರೂ ಭಾವನಿಗೆ ಅದೇ ಗ್ಯಾರೇಜಲ್ಲಿ ಯಾರೋ ಕೊನೇ ಉಪಾಯ ಹೇಳಿದ್ರಂತೆ, "ಮಾಡ್ಯೂಲ್ ದುಬಾರಿ ಆದ್ರೆ ಬಿಡಿ ಸರ್, ಮೀಟರ್ ಬೋರ್ಡ್ ಬಿಚ್ಚಿ ಆ ಲೈಟಿಗೆ ಟೇಪ್ ಅಂಟಿಸಿಕೊಡ್ತೀವಿ" ಅಂತ. ಭಾವ "ಅದೂ ಮಾಡ್ಬಹುದಿತ್ತು ಅಲ್ವಾ?" ಅಂತ ನನ್ನನ್ನೇ ಕೇಳಿದ್ರು. ಅಕ್ಕ ಅಲ್ಲೇ ಇದ್ದಳು, ಬಚಾವಾದ್ರು.