ಸರೋವರದ ಊರನ್ನು ಚಳಿಗಾಲದಲ್ಲಿ ನೋಡಿ ಆರಿಸಬೇಕು

ಅಮೆರಿಕದ ವಾಯವ್ಯ ಮೂಲೆಯಲ್ಲಿ, ಸಿಯಾಟಲ್ ಸುತ್ತಮುತ್ತ ನೆಲೆಸಿರುವ ನನ್ನ ಪೀಳಿಗೆಯ ಕನ್ನಡಿಗರಲ್ಲಿ ಅನೇಕರು ಈಗ ನಿವೃತ್ತಿಯ ಹೊಸ್ತಿಲಲ್ಲಿದ್ದಾರೆ. ಮಕ್ಕಳು ದೂರದ ಊರುಗಳಲ್ಲಿ ಕೆಲಸಕ್ಕೆ ಸೇರಿದ್ದಾರೆ, ಮನೆಯ ಸಾಲ ತೀರುತ್ತ ಬಂದಿದೆ, ಆಸ್ತಿ ತೆರಿಗೆಯ ಭಾರ ಮಾತ್ರ ಇಳಿಯುತ್ತಿಲ್ಲ. ಹೀಗಾಗಿ ಯಾರ ಮನೆಗೆ ಊಟಕ್ಕೆ ಹೋದರೂ ಸರೋವರವೂ ಬೆಟ್ಟವೂ ಇರುವ ಒಂದಿಲ್ಲೊಂದು ಸಣ್ಣ ಊರಿನ ಹೆಸರು ಕಿವಿಗೆ ಬೀಳುತ್ತದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವ ಹೆಸರು ಐಡಾಹೊ ರಾಜ್ಯದ ಉತ್ತರ ಭಾಗದಲ್ಲಿರುವ ಸ್ಯಾಂಡ್‌ಪಾಯಿಂಟ್.

ಆ ಊರಿನ ಚೆಲುವಿನ ಬಗ್ಗೆ ಎರಡು ಮಾತಿಲ್ಲ. 2020ರ ಜನಗಣತಿಯ ಪ್ರಕಾರ ಒಂಬತ್ತು ಸಾವಿರಕ್ಕೂ ಕಡಿಮೆ ಜನರಿರುವ ಈ ಊರು ಐಡಾಹೊದ ಅತಿ ದೊಡ್ಡ ಸರೋವರವಾದ ಪಾಂಡೊರೆಯ ದಡದಲ್ಲಿದೆ. ಸರೋವರದ ಆಳ ಸುಮಾರು 1,150 ಅಡಿ. ಅಮೆರಿಕದ ನೌಕಾಪಡೆ ಜಲಾಂತರ್ಗಾಮಿಗಳ ಮಾದರಿಗಳನ್ನು ಇಲ್ಲಿ ಪರೀಕ್ಷಿಸುವಷ್ಟು ಆಳ ಮತ್ತು ನಿಶ್ಶಬ್ದ. ಒಂದು ಕಡೆ ಸೆಲ್ಕರ್ಕ್ ಪರ್ವತಗಳು, ಇನ್ನೊಂದು ಕಡೆ ಕ್ಯಾಬಿನೆಟ್ ಪರ್ವತಗಳು, ಊರಿನ ಮೇಲುಗಡೆ 1963ರಲ್ಲಿ ಆರಂಭವಾದ ಶ್ವೈಟ್ಸರ್ ಸ್ಕೀಯಿಂಗ್ ತಾಣ. ದಕ್ಷಿಣದಿಂದ ಬರುವಾಗ ನೀರಿನ ಮೇಲೆ ಹೆಚ್ಚುಕಡಿಮೆ ಎರಡು ಮೈಲಿ ಉದ್ದದ ಸೇತುವೆಯನ್ನು ದಾಟಿ ಊರನ್ನು ಪ್ರವೇಶಿಸುವವರಿಗೆ, ಉಳಿದ ಆಯುಷ್ಯವನ್ನು ಇಲ್ಲೇ ಕಳೆಯಬೇಕೆನಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಆದರೆ ಹಾಗೆ ಅನಿಸುವವರೆಲ್ಲ ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ ಹೋದವರು ಎಂಬುದನ್ನು ಗಮನಿಸಬೇಕು. ಜೂನ್, ಜುಲೈಗಳಲ್ಲಿ ಅಲ್ಲಿ ಹದಿನಾರು ಗಂಟೆಗಳಷ್ಟು ಹಗಲಿರುತ್ತದೆ. ಡಿಸೆಂಬರಿನಲ್ಲಿ ಅದು ಎಂಟೂವರೆ ಗಂಟೆಗೂ ಕೆಳಗಿಳಿಯುತ್ತದೆ, ಅದರಲ್ಲೂ ಬಹುಪಾಲು ದಿನ ಮೋಡ ಕವಿದಿರುತ್ತದೆ. ಹಿಮ ಬಿದ್ದ ಬೆಳಗ್ಗೆ ಮನೆಯ ಮುಂದಿನ ದಾರಿಯನ್ನು ಸಲಿಕೆಯಿಂದ ಬಿಡಿಸಿಕೊಳ್ಳುವುದು ಅರವತ್ತೆರಡರ ವಯಸ್ಸಿನಲ್ಲಿ ವ್ಯಾಯಾಮ, ಎಪ್ಪತ್ತೆಂಟರಲ್ಲಿ ಅಪಾಯ. ಆಗಸ್ಟಿನಲ್ಲೂ ಕೆಲವು ವರ್ಷ ಕಾಳ್ಗಿಚ್ಚಿನ ಹೊಗೆ ಕಣಿವೆಯಲ್ಲಿ ಇಳಿದು ನಿಲ್ಲುತ್ತದೆ; ಉಸಿರಾಟದ ತೊಂದರೆಯಿರುವವರು ಆಗ ಕಿಟಕಿ ಮುಚ್ಚಿ ಒಳಗಿರಬೇಕಾಗುತ್ತದೆ. ದಡದ ಮನೆಯ ವಿಚಾರವೂ ಬೇಸಿಗೆಯಲ್ಲಿ ಕಂಡಂತೆಯೇ ಇರುವುದಿಲ್ಲ. 1955ರಲ್ಲಿ ಪೂರ್ಣಗೊಂಡ ಆಲ್ಬೆನಿ ಜಲಪಾತದ ಅಣೆಕಟ್ಟು ಈ ಸರೋವರದ ಮಟ್ಟವನ್ನು ನಿಯಂತ್ರಿಸುತ್ತದೆ. ಚಳಿಗಾಲಕ್ಕೆ ನೀರನ್ನು ಸುಮಾರು 11 ಅಡಿ ಇಳಿಸುವುದರಿಂದ, ನೀರಿಗೆ ತಾಗಿದಂತೆ ಕಂಡ ಅಂಗಳದ ಮುಂದೆ ಅನೇಕ ಕಡೆ ಬರಿಯ ಕೆಸರು ಮತ್ತು ಕಲ್ಲಿನ ದಂಡೆ ತಿಂಗಳುಗಟ್ಟಲೆ ಬಿದ್ದಿರುತ್ತದೆ.

ಮಲೆನಾಡಿನಿಂದ ಬಂದ ನಮಗೆ ಈ ಲೆಕ್ಕ ಹೊಸದಾಗಿರಬಾರದು. ಸಾಗರ, ತೀರ್ಥಹಳ್ಳಿ, ಕೊಪ್ಪದ ಕಡೆಯ ಊರುಗಳ ಯೋಗ್ಯತೆಯನ್ನು ನಮ್ಮ ಹಿರಿಯರು ಅಳೆಯುತ್ತಿದ್ದದ್ದು ಮಾಘದ ಹಿತವಾದ ಬಿಸಿಲಿನಲ್ಲಲ್ಲ, ಆಷಾಢದ ಮಳೆಯಲ್ಲಿ. ಹೊಳೆ ತುಂಬಿದಾಗ ಸಂಕ ದಾಟಲು ಆಗುತ್ತದೆಯೇ, ಮರ ಬಿದ್ದು ಕರೆಂಟು ಹೋದರೆ ಎಷ್ಟು ದಿನಕ್ಕೆ ಬರುತ್ತದೆ, ರಾತ್ರಿ ಎದೆ ನೋವು ಬಂದರೆ ಜೀಪು ಕೊಡುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಉಳಿದ ಮಾತು. ಗುಡ್ಡದ ಬುಡದ ಒಂಟಿ ತೋಟದ ಮನೆಯಲ್ಲಿ ಬದುಕೆಲ್ಲ ಕಳೆದವರು ಕೂಡ ಮಂಡಿ ನೋವು ಶುರುವಾದಾಗ ಪೇಟೆಯಲ್ಲೊಂದು ಮನೆ ಮಾಡುತ್ತಾರೆ; ಕೆಲವರು ಶಿವಮೊಗ್ಗಕ್ಕೆ, ಕೆಲವರು ಮೈಸೂರಿಗೆ ಹೋಗುತ್ತಾರೆ. ಮೈಸೂರು ಪಿಂಚಣಿದಾರರ ಊರೆಂದು ಹೆಸರಾದದ್ದು ಚಾಮುಂಡಿ ಬೆಟ್ಟ, ಕುಕ್ಕರಹಳ್ಳಿ ಕೆರೆಗಳ ಸೊಬಗಿನಿಂದ ಮಾತ್ರವಲ್ಲ. ಬೆಳಗಿನ ವಾಯುವಿಹಾರಕ್ಕೆ ಕೆರೆಯ ಏರಿ, ಹಿಂದಿರುಗುವಾಗ ತರಕಾರಿ, ಸಂಜೆಗೊಂದು ಸಂಗೀತ ಕಚೇರಿ, ಆಟೊ ಹಿಡಿದರೆ ಆಸ್ಪತ್ರೆ, ಇವೆಲ್ಲ ಒಂದೇ ಊರಿನೊಳಗೆ ದೊರೆತದ್ದರಿಂದಲೂ ಆ ಹೆಸರು ಬಂತು. ಅಮೆರಿಕಕ್ಕೆ ಬಂದ ನಾವು ಈ ವಿವೇಕವನ್ನು ಬದಿಗಿಟ್ಟು, ಇಲ್ಲಿನ ಮಧ್ಯಮ ವರ್ಗದವರಂತೆ ಊರಿನಿಂದ ಹತ್ತು ಮೈಲಿ ಆಚೆ, ಐದು ಎಕರೆ ಪೈನ್ ಮರಗಳ ನಡುವೆ ನಿಂತ ಮನೆಯನ್ನೇ ನಿವೃತ್ತಿಯ ಆದರ್ಶವೆಂದು ಭಾವಿಸುತ್ತಿರುವುದು ನನಗೆ ಕಳವಳ ತರುತ್ತದೆ. ಕಾರು ಓಡಿಸುವುದನ್ನು ನಿಲ್ಲಿಸಬೇಕಾದ ದಿನ ನಮ್ಮೆಲ್ಲರಿಗೂ ಬರುತ್ತದೆ, ಅಂದಿನಿಂದ ಅಂತಹ ಮನೆ ಸೆರೆಯಾಗುತ್ತದೆ.

ವೈದ್ಯಕೀಯ ಸೌಕರ್ಯವನ್ನು ಇನ್ನೂ ಕಟ್ಟುನಿಟ್ಟಾಗಿ ನೋಡಬೇಕು. ಸ್ಯಾಂಡ್‌ಪಾಯಿಂಟ್‌ನಲ್ಲಿ ಒಂದು ಸಣ್ಣ ಆಸ್ಪತ್ರೆಯಿದೆ, ತುರ್ತು ಚಿಕಿತ್ಸೆ ಅಲ್ಲಿ ಸಿಗುತ್ತದೆ. ಆದರೆ 2023ರಲ್ಲಿ ಆ ಆಸ್ಪತ್ರೆಯ ಹೆರಿಗೆ ವಿಭಾಗವೇ ಮುಚ್ಚಿಹೋಯಿತು. ನಮ್ಮ ವಯಸ್ಸಿನವರಿಗೆ ಹೆರಿಗೆ ವಿಭಾಗ ಬೇಕಿಲ್ಲವೆಂದು ಇದನ್ನು ಬಿಟ್ಟುಬಿಡುವಂತಿಲ್ಲ; ತಜ್ಞರನ್ನು ಉಳಿಸಿಕೊಳ್ಳುವುದು ಸಣ್ಣ ಊರಿನ ಆಸ್ಪತ್ರೆಗೆ ಎಷ್ಟು ಕಷ್ಟ ಎಂಬುದರ ಸೂಚನೆ ಅದು. ಹೆಚ್ಚಿನ ಚಿಕಿತ್ಸೆಗೆ ಸುಮಾರು 45 ಮೈಲಿ ದೂರದ ಕರ್ಡಲೇನ್‌ಗೆ, ಇಲ್ಲವೇ ಸುಮಾರು 75 ಮೈಲಿ ದೂರದ ಸ್ಪೋಕೇನ್‌ಗೆ ಹೋಗಬೇಕು, ಅದೂ ಹಿಮ ಬಿದ್ದ ಹೆದ್ದಾರಿಯಲ್ಲಿ. 65 ತುಂಬಿದಾಗ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಗೆ ಸೇರುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು: ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳು ಕೌಂಟಿಯಿಂದ ಕೌಂಟಿಗೆ, ಅಂದರೆ ಜಿಲ್ಲೆಯಿಂದ ಜಿಲ್ಲೆಗೆ, ಬೇರೆಯಾಗಿರುತ್ತವೆ. ಸಿಯಾಟಲ್‌ನಲ್ಲಿ ಹತ್ತಾರು ವರ್ಷಗಳಿಂದ ನೋಡುತ್ತಿರುವ ಹೃದ್ರೋಗ ತಜ್ಞರು ಹೊಸ ಊರಿನ ಯೋಜನೆಯ ಪಟ್ಟಿಯಲ್ಲಿ ಇಲ್ಲದಿರಬಹುದು. ತೆರಿಗೆಯ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ, ನಿವೃತ್ತರಿಗೆ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಪಿಂಚಣಿಯ ಮೇಲೆ ಐಡಾಹೊ ತೆರಿಗೆ ಹಾಕುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ವೈದ್ಯರ ಲೆಕ್ಕವನ್ನು ಅಷ್ಟೇ ಶ್ರದ್ಧೆಯಿಂದ ಹಾಕುವವರನ್ನು ನಾನು ಕಂಡದ್ದು ಕಡಿಮೆ.

ಹಾಗೆಂದು ಅಮೆರಿಕನ್ನರ ರೀತಿಯೆಲ್ಲ ತಪ್ಪೆಂದು ನಾನು ಹೇಳುತ್ತಿಲ್ಲ. ಒಂದು ವಿಷಯದಲ್ಲಿ ಅವರದೇ ಸರಿ. ಎಲ್ಲಿ ಮುಪ್ಪಾಗಬೇಕೆಂಬುದನ್ನು ಅವರು ತಾವೇ, ಕೈಕಾಲು ಗಟ್ಟಿಯಿರುವಾಗಲೇ ನಿರ್ಧರಿಸುತ್ತಾರೆ. ನಮ್ಮವರು ಮಗಳು ಅಥವಾ ಮಗ ಇರುವ ಊರನ್ನು ಹಿಂಬಾಲಿಸುತ್ತಾರೆ. ಎರಡೇ ವರ್ಷದಲ್ಲಿ ಅವರ ಕೆಲಸ ಇನ್ನೊಂದು ರಾಜ್ಯಕ್ಕೆ ಹೋದರೆ ಪರಿಚಯವೇ ಇಲ್ಲದ ಬಡಾವಣೆಯಲ್ಲಿ ಒಂಟಿಯಾಗುತ್ತಾರೆ. ಇಲ್ಲಿನವರು ಹೊಸ ಊರಿಗೆ ಹೋದೊಡನೆ ಗ್ರಂಥಾಲಯದಲ್ಲೋ, ಸ್ಯಾಂಡ್‌ಪಾಯಿಂಟ್‌ನಲ್ಲಾದರೆ 1927ರಿಂದ ಇರುವ ಪನೈಡಾ ರಂಗಮಂದಿರದಲ್ಲೋ, ಹಿರಿಯರ ಕೇಂದ್ರದ ಅಡುಗೆಮನೆಯಲ್ಲೋ ಸ್ವಯಂಸೇವಕರಾಗಿ ಸೇರಿಕೊಂಡು ಊರಿನವರಾಗುತ್ತಾರೆ. ನಾವು ಮಾತ್ರ ದೂರದ ಕನ್ನಡ ಸಂಘದ ದೀಪಾವಳಿಗೆ ಕಾಯುತ್ತ ನೆರೆಮನೆಯವರ ಹೆಸರನ್ನೂ ಕೇಳದೆ ಉಳಿಯುತ್ತೇವೆ. ಇದನ್ನು ನಾವು ಅವರಿಂದ ಕಲಿಯಲೇಬೇಕು.

ಆದರೂ ಭಾಷೆಯ ಪ್ರಶ್ನೆ ಉಳಿಯುತ್ತದೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ದೊಡ್ಡದು. ಮರೆವಿನ ಕಾಯಿಲೆ ಬಂದವರಲ್ಲಿ ಕೆಲವರು ನಂತರ ಕಲಿತ ಭಾಷೆಯನ್ನು ಮೊದಲು ಕಳೆದುಕೊಂಡು ತಾಯ್ನುಡಿಗೆ ಮರಳುವುದನ್ನು ವೈದ್ಯರು ಗುರುತಿಸಿದ್ದಾರೆ. ಗಂಡ ಹೆಂಡತಿಯರಲ್ಲಿ ಒಬ್ಬರು ತೀರಿಕೊಂಡು ಇನ್ನೊಬ್ಬರಿಗೆ ಅಂತಹ ಸ್ಥಿತಿ ಬಂದರೆ, ನೀರು ಬೇಕು ಎಂದು ಕನ್ನಡದಲ್ಲಿ ಕೇಳಿದ್ದು ಅರ್ಥವಾಗುವವರು ಆ ಊರಿನಲ್ಲಿ ಯಾರಿದ್ದಾರೆ? ಕರಿಬೇವನ್ನೂ ತೆಂಗಿನಕಾಯಿಯನ್ನೂ ವಾರಕ್ಕೊಮ್ಮೆ ಸ್ಪೋಕೇನ್‌ನಿಂದ ತರಬಹುದು, ಮಾತನ್ನು ತರಲಾಗದು.

ಆದ್ದರಿಂದ ಸರೋವರದ ಊರಿನ ಆಸೆಯುಳ್ಳ ಸ್ನೇಹಿತರಿಗೆ ನನ್ನ ಕೋರಿಕೆ ಇಷ್ಟು. ಒಬ್ಬೊಬ್ಬರೇ ಹೋಗಬೇಡಿ, ಎರಡು ಮೂರು ಮನೆಯವರು ಮಾತಾಡಿಕೊಂಡು ಹೋಗಿ. ಮನೆ ಕೊಳ್ಳುವ ಮೊದಲು ನವೆಂಬರಿನಿಂದ ಮಾರ್ಚಿಯವರೆಗೆ ಬಾಡಿಗೆಗೆ ಇದ್ದು ನೋಡಿ. ದಡದ ಎಕರೆಗಳನ್ನು ಬಿಟ್ಟು ಹಳೆಯ ಪೇಟೆಯ ಬೀದಿಗಳಲ್ಲೇ, ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಮನೆ ಹುಡುಕಿ. ಸ್ಯಾಂಡ್‌ಪಾಯಿಂಟ್‌ನಲ್ಲಿ ಅಂತಹ ಬೀದಿಗಳಿವೆ. ಅಲ್ಲಿಂದ ಗ್ರಂಥಾಲಯಕ್ಕೂ ಆಸ್ಪತ್ರೆಗೂ ಸರೋವರದ ದಡಕ್ಕೂ ಕಾರು ಬೇಕಿಲ್ಲ, ಟಿಕೆಟ್ ಇಲ್ಲದ ಊರಿನ ಬಸ್ಸು ಇದೆ.