ಹುಡುಗ ಹೋದ, ಒಂಬತ್ತು ಪಾರ್ಟಿಗಳೂ ಹೋದವು

ಮುಂಬೈಯ ಮುಲುಂಡಿನಲ್ಲಿ ನನ್ನದೊಂದು ಸಣ್ಣ ಆಫೀಸಿದೆ. ಐದು ಜನ ಇದ್ದೇವೆ. ಹೋಟೆಲು, ಹಾರ್ಡ್‌ವೇರ್ ಅಂಗಡಿ, ಸಣ್ಣ ವರ್ಕ್‌ಶಾಪುಗಳ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ತುಂಬಿಕೊಡುವುದು ನಮ್ಮ ಕೆಲಸ. ಗಿರಾಕಿಗಳನ್ನು ನಮ್ಮಲ್ಲಿ ಪಾರ್ಟಿ ಅನ್ನುತ್ತೇವೆ.

ಮೂರು ವರ್ಷದ ಹಿಂದೆ, ದೀಪಾವಳಿ ಮುಗಿದ ವಾರ, ಆರು ವರ್ಷ ನಮ್ಮಲ್ಲಿದ್ದ ಹುಡುಗ ಕೆಲಸ ಬಿಟ್ಟ. ಊರಲ್ಲಿ ತಾಯಿಗೆ ಹುಷಾರಿಲ್ಲ ಎಂದಿದ್ದ. ನಾನು ನಂಬಿ, ಕೈಗೆ ಸ್ವಲ್ಪ ಜಾಸ್ತಿಯೇ ದುಡ್ಡು ಕೊಟ್ಟು ಕಳಿಸಿದೆ. ಮುಂದಿನ ತಿಂಗಳ 11ನೇ ತಾರೀಕು ಬಂತು. ತಿಂಗಳ ಮಾರಾಟದ ವಿವರ, ಅಂದರೆ ಜಿಎಸ್‌ಟಿಆರ್-1 ಕೊಡಲು ಅದೇ ಕೊನೆಯ ದಿನ. ಒಂಬತ್ತು ಪಾರ್ಟಿಗಳಿಂದ ಬಿಲ್ಲುಗಳೇ ಬರಲಿಲ್ಲ. ಫೋನ್ ಮಾಡಿದರೆ ಒಬ್ಬರು, 'ನಿಮ್ಮ ಹುಡುಗ ಆಗಲೇ ಮಾಡಿಕೊಟ್ಟನಲ್ಲ' ಎಂದರು. ಅವನು ಬಿಟ್ಟಿದ್ದೇ ಅವರಿಗೆ ಗೊತ್ತಿರಲಿಲ್ಲ. ಉಳಿದವರಿಗೆ ಗೊತ್ತಿತ್ತು. ಒಂಬತ್ತೂ ಪಾರ್ಟಿಗಳ ಕೆಲಸವನ್ನು ಅವನು ಸ್ವಂತಕ್ಕೆ ಹಿಡಿದುಕೊಂಡಿದ್ದ.

ಆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿನ ಚಿಂತೆಗಿಂತ, ಅವನ ಮದುವೆಗೆ ನಾವು ಮನೆಮಂದಿಯೆಲ್ಲ ಹೋಗಿ ಬಂದಿದ್ದು ನೆನಪಾಗುತ್ತಿತ್ತು.

ಹುಬ್ಬಳ್ಳಿಯಲ್ಲಿ ನನ್ನ ಸೋದರಮಾವನಿಗೆ ದುರ್ಗದಬೈಲಿನ ಹತ್ತಿರ ಬಟ್ಟೆ ಅಂಗಡಿ ಇದೆ. ಅವನಿಗೆ ಹೇಳಿಕೊಂಡೆ. 'ಅವರಪ್ಪಗ ಒಂದು ಫೋನ್ ಹಚ್ಚು. ಹಿರ್ಯಾರನ್ನ ಕುಂದರಿಸಿ ಮಾತಾಡು. ಎರಡ ದಿನದಾಗ ಬಗಿಹರೀತದ' ಎಂದ. ಅವನ ಮಟ್ಟಿಗೆ ಅದು ಸರಿಯೇ. ಅಲ್ಲಿ ಕೆಲಸಕ್ಕೆ ಬರುವವನು ಯಾರ ಮಗ, ಯಾವ ಓಣಿಯವನು ಎಂದು ಪೇಟೆಗೆಲ್ಲ ಗೊತ್ತಿರುತ್ತದೆ. ಒಂದು ಅಂಗಡಿಯಲ್ಲಿ ಹೆಸರು ಕೆಟ್ಟರೆ ಇನ್ನೊಂದು ಅಂಗಡಿ ಸೇರಿಸಿಕೊಳ್ಳುವುದಿಲ್ಲ. ನಮ್ಮ ಹುಡುಗನ ಅಪ್ಪ ಇರುವುದು ರತ್ನಾಗಿರಿ ಕಡೆಯ ಹಳ್ಳಿಯಲ್ಲಿ. ಜಿಎಸ್‌ಟಿ ಅಂದರೇನು ಎಂದೂ ಅವರಿಗೆ ಗೊತ್ತಿಲ್ಲ. ಮಗನ ತಪ್ಪಿಗೆ ಆ ಮುದುಕರನ್ನು ತಲೆ ತಗ್ಗಿಸುವಂತೆ ಮಾಡಲು ನನಗೆ ಮನಸ್ಸೂ ಬರಲಿಲ್ಲ.

ಮುಂಬೈಯ ಗೆಳೆಯರ ದಾರಿ ಬೇರೆ. ಬಾಂಡ್ ಬರೆಸಿಕೋ, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೋ, ಕೊನೆಯ ತಿಂಗಳ ಸಂಬಳ ಹಿಡಿ ಎಂದರು. ಇದು ಈ ಊರಲ್ಲಿ ಎಷ್ಟು ಮಾಮೂಲಿ ಅಂದರೆ ಯಾರಿಗೂ ತಪ್ಪು ಅನಿಸುವುದಿಲ್ಲ. ನನಗೆ ಅನಿಸುತ್ತದೆ. ದುಡಿದ ಸಂಬಳ ಅವನದು, ಓದಿದ ಸರ್ಟಿಫಿಕೇಟೂ ಅವನದು.

ವಕೀಲರೂ ನನ್ನ ಕಣ್ಣು ತೆರೆಸಿದರು. 1872ರ ಕರಾರು ಕಾಯ್ದೆಯ 27ನೇ ಕಲಮಿನ ಪ್ರಕಾರ, ಒಬ್ಬನು ತನ್ನ ಕಸುಬು ಮಾಡದಂತೆ ತಡೆಯುವ ಕರಾರು ನಡೆಯುವುದಿಲ್ಲವಂತೆ. ವ್ಯಾಪಾರವನ್ನು ಹೆಸರಿನ ಸಮೇತ ಮಾರಿದವನಿಗೆ ಮಾತ್ರ ಬೇರೆ ನಿಯಮ. ಕಲ್ಯಾಣದ ನೂಲಿನ ಕಾರ್ಖಾನೆಯ ನೌಕರನೊಬ್ಬ ಐದು ವರ್ಷದ ಕರಾರು ಅರ್ಧಕ್ಕೆ ಬಿಟ್ಟು ಎದುರಾಳಿ ಕಂಪನಿಗೆ ಹೋದಾಗ, 1967ರಲ್ಲಿ ಸುಪ್ರೀಂ ಕೋರ್ಟು ಕಾರ್ಖಾನೆಯ ಪರ ನಿಂತಿತು. ಆದರೆ ಆ ತಡೆ ಕರಾರಿನ ಅವಧಿ ಮುಗಿಯುವವರೆಗೆ ಮಾತ್ರ. ಕೆಲಸ ಬಿಟ್ಟ ಮೇಲೂ ಎರಡು ವರ್ಷ ಅದೇ ಧಂದೆ ಮಾಡಬಾರದು ಎಂಬ ಷರತ್ತು 1980ರಲ್ಲಿ ಅದೇ ಕೋರ್ಟಿನ ಮುಂದೆ ಬಂದಾಗ ಅದನ್ನು ಜಾರಿ ಮಾಡಲಿಲ್ಲ. ನನ್ನ ಕೈಯಲ್ಲಿ ಅಂಥ ಕಾಗದವೂ ಇರಲಿಲ್ಲ. ಇದ್ದಿದ್ದರೂ ಗೋಡೆಗೆ ಅಂಟಿಸಲಷ್ಟೇ ಆಗುತ್ತಿತ್ತು.

ನಾಗದೇವಿ ಸ್ಟ್ರೀಟಿನಲ್ಲಿ ಹಾರ್ಡ್‌ವೇರ್ ವ್ಯಾಪಾರ ಮಾಡುವ ಕಚ್ಛಿ ಸೇಠ್ ಒಬ್ಬರು ನಮ್ಮ ಪಾರ್ಟಿ. ಅವರು ಒಂದೇ ಪ್ರಶ್ನೆ ಕೇಳಿದರು. 'ಆ ಒಂಬತ್ತು ಜನರ ಅಂಗಡಿಗೆ ನೀವು ಹೋಗಿ ಎಷ್ಟು ದಿನ ಆಯ್ತು?' ನಾನು ಲೆಕ್ಕ ಹಾಕಿದೆ. ಇಬ್ಬರ ಅಂಗಡಿಗೆ ನಾನು ಕಾಲೇ ಇಟ್ಟಿರಲಿಲ್ಲ. ಸೇಠ್ ಈ ವಯಸ್ಸಿನಲ್ಲೂ ದೊಡ್ಡ ಗಿರಾಕಿಗಳ ಹತ್ತಿರ ತಾವೇ ಹೋಗುತ್ತಾರೆ. ದೀಪಾವಳಿಗೆ ಚೋಪಡಾ ಪೂಜೆಗೆ, ಅಂದರೆ ಲೆಕ್ಕದ ಪುಸ್ತಕಗಳ ಪೂಜೆಗೆ, ಎಲ್ಲರನ್ನೂ ತಮ್ಮ ಪೇಢಿಗೆ (ಅಂಗಡಿಗೆ) ಕರೆಯುತ್ತಾರೆ. ಮುನೀಮ ಎಷ್ಟೇ ಹಳಬನಾದರೂ ಗಿರಾಕಿಗೆ ಸೇಠ್‌ನ ಮುಖ ಗೊತ್ತಿರಲೇಬೇಕು, ಅದು ಅವರ ಕಟ್ಟು. ನನ್ನ ಪಾರ್ಟಿಗಳಿಗೆ ಗೊತ್ತಿದ್ದುದು ಆ ಹುಡುಗನ ಮೊಬೈಲ್ ನಂಬರ್ ಒಂದೇ. ಮೂವರ ಜಿಎಸ್‌ಟಿ ನೋಂದಣಿಯಲ್ಲೂ ಅವನದೇ ನಂಬರ್ ಇತ್ತು, ರಿಟರ್ನಿನ ಓಟಿಪಿ ಅವನಿಗೇ ಹೋಗುತ್ತಿತ್ತು. 'ನಿನ್ನ ನಂಬರ್ ಹಾಕು, ಬೇಗ ಆಗುತ್ತೆ' ಎಂದವನು ನಾನೇ.

ಆದರೆ ನನ್ನ ಮನಸ್ಸು ತಿರುಗಿದ್ದು ಘಾಟ್ಕೋಪರಿನಲ್ಲಿ. ಅಲ್ಲಿ ಉಡುಪಿ ಕಡೆಯ ಹಿರಿಯರೊಬ್ಬರ ಹೋಟೆಲಿನ ಲೆಕ್ಕ ನಾವು ಬರೆಯುತ್ತೇವೆ. ಕಪ್ಪು ಬಸಿ ತೊಳೆಯಲು ಅವರ ಹತ್ತಿರ ಬಂದಿದ್ದ ಹುಡುಗರಲ್ಲಿ ನಾಲ್ವರು ಇವತ್ತು ಹೋಟೆಲ್ ಮಾಲೀಕರು. ಮುಂಬೈಯ ನಮ್ಮ ಹೋಟೆಲುಗಳು ಬೆಳೆದಿದ್ದೇ ಹೀಗೆ. ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದ ರಾಮ ನಾಯಕರೂ ಈ ಊರಿಗೆ ಬಂದಾಗ ಪಾತ್ರೆ ತೊಳೆಯುವ ಹುಡುಗರೇ ಆಗಿದ್ದರು. ಹಗಲು ಟೇಬಲ್ ಒರೆಸಿ ಸಂಜೆ ಕನ್ನಡದ ರಾತ್ರಿ ಶಾಲೆಗೆ ಹೋದವರು ಎಷ್ಟೋ ಜನ. ಹುಡುಗನನ್ನು ಮೊದಲು ಗಲ್ಲೆಯಲ್ಲಿ ಕೂರಿಸುವುದು, ಆಮೇಲೆ ಯಾವುದಾದರೂ ಕ್ಯಾಂಟೀನು ನಡೆಸಲು ಕೊಡುವುದು, ಆಮೇಲೆ ಅವನದೇ ಹೋಟೆಲಿಗೆ ಪೂಜೆಗೆ ಹೋಗಿ ಬರುವುದು. ಎಲ್ಲ ಮಾಲೀಕರೂ ಹಾಗಿದ್ದರು ಅಂತ ನಾನು ಹೇಳುವುದಿಲ್ಲ. ಇವರು ಹಾಗಿದ್ದರು.

ನನ್ನ ಗೋಳೆಲ್ಲ ಕೇಳಿ ಅವರು ಕಾಫಿ ತರಿಸಿದರು. 'ಒಂದು ಕೇಳ್ತೇನೆ ಮಾರಾಯ್ರೇ, ಬೇಸರ ಮಾಡ್ಬೇಡಿ. ಸ್ವಂತ ಮಾಡ್ಬೇಕು ಅಂತ ಆ ಹುಡುಗ ನಿಮ್ಮ ಹತ್ರ ಯಾವತ್ತಾದ್ರೂ ಹೇಳಿದ್ದನಾ?'

ಹೇಳಿದ್ದ. ಎರಡು ಸಲ. 'ಸರ್, ಡೊಂಬಿವಿಲಿಯಲ್ಲಿ ಒಂದು ಬ್ರಾಂಚ್ ತೆಗೆಯೋಣ, ನಾನು ನೋಡಿಕೊಳ್ತೀನಿ' ಅಂದಿದ್ದ. ಎರಡು ಸಲವೂ ನಾನು 'ನೋಡೋಣ' ಎಂದು ಕಂಪ್ಯೂಟರಿನತ್ತ ತಿರುಗಿದ್ದೆ.

ಇದರಿಂದ ಅವನು ಮಾಡಿದ್ದು ಸರಿ ಆಗುವುದಿಲ್ಲ, ಅಲ್ವಾ? ಹೋಟೆಲಿಗೂ ನಮಗೂ ಒಂದು ವ್ಯತ್ಯಾಸ ಇದೆ. ಅಲ್ಲಿ ಗಿರಾಕಿ ದೋಸೆ ತಿಂದು ಹೋಗುತ್ತಾನೆ. ನಮ್ಮಲ್ಲಿ ತನ್ನ ಬ್ಯಾಂಕ್ ಪಾಸ್‌ಬುಕ್ಕು, ಸಾಲ, ಮನೆಯ ಗುಟ್ಟೆಲ್ಲ ಇಟ್ಟು ಹೋಗುತ್ತಾನೆ. ಹುಡುಗ ಬಿಡುವ ಹದಿನೈದು ದಿನ ಮೊದಲು, ನಮ್ಮ ಸಂಬಳ ತಿನ್ನುತ್ತಲೇ, ಇಪ್ಪತ್ತು ಪಾರ್ಟಿಗಳ ಟ್ಯಾಲಿ ಬ್ಯಾಕಪ್ಪನ್ನು, ಅಂದರೆ ಕಂಪ್ಯೂಟರಿನಲ್ಲಿದ್ದ ಅವರ ಲೆಕ್ಕದ ಪ್ರತಿಯನ್ನು, ತನ್ನ ಮೇಲ್‌ಗೆ ಕಳಿಸಿಕೊಂಡಿದ್ದ. ಅದಕ್ಕೆ ಮಾತ್ರ ನಾನು ವಕೀಲರಿಂದ ನೋಟಿಸ್ ಕೊಡಿಸಿದೆ. ಎಲ್ಲ ಅಳಿಸಿದ್ದೇನೆ ಎಂದು ಅವನು ಬರೆದುಕೊಟ್ಟ. ಒಂಬತ್ತು ಪಾರ್ಟಿಗಳ ಬಗ್ಗೆ ಆ ನೋಟಿಸಿನಲ್ಲಿ ಒಂದು ಸಾಲೂ ಇರಲಿಲ್ಲ. ಅವರು ತಮಗೆ ಬೇಕಾದವನ ಹತ್ತಿರ ಹೋದರು. ಸುಮ್ನೆ ಹಗೆ ಕಟ್ಟಿಕೊಂಡು ಏನು ಮಾಡಲಿ? ಮೂವರು ಆಮೇಲೆ ತಾವಾಗಿಯೇ ವಾಪಸ್ ಬಂದರು.

ಈಗ ಪಾರ್ಟಿಯ ಮೊಬೈಲ್ ನಂಬರೇ ನೋಂದಣಿಯಲ್ಲಿರುತ್ತದೆ. ಪ್ರತಿ ಪಾರ್ಟಿಗೂ ನಮ್ಮಲ್ಲಿ ಇಬ್ಬರು ಗೊತ್ತು. ಶನಿವಾರ ನಾನು ಆಫೀಸಿನಲ್ಲಿ ಕೂರುವುದಿಲ್ಲ, ಅಂಗಡಿಗಳಿಗೆ ಹೋಗುತ್ತೇನೆ.

ಹೋದ ವರ್ಷ ನಮ್ಮಲ್ಲಿರುವ ಹುಡುಗಿಯೊಬ್ಬಳು ಹೆದರುತ್ತಲೇ ಬಂದು, 'ಸರ್, ಮದುವೆ ಆದ ಮೇಲೆ ಬದ್ಲಾಪುರದಲ್ಲಿ ಸ್ವಂತ ಆಫೀಸು ಮಾಡಬೇಕು ಅಂತಿದ್ದೇನೆ' ಎಂದಳು. ಈ ಸಲ ನಾನು ಕಂಪ್ಯೂಟರಿನತ್ತ ತಿರುಗಲಿಲ್ಲ. ಆ ಕಡೆಯ ನಾಲ್ಕು ಪಾರ್ಟಿಗಳನ್ನು ಅವಳಿಗೇ ಬಿಟ್ಟುಕೊಡುವುದು, ಮೊದಲ ವರ್ಷ ಫೀಸಿನ ಮೂರನೇ ಒಂದು ಪಾಲು ನಮಗೆ ಬರುವುದು ಎಂದು ಕೂತು ಮಾತಾಡಿ ಬರೆದುಕೊಂಡೆವು. ಹೋದ ಶನಿವಾರ ನಾವಿಬ್ಬರೂ ಒಟ್ಟಿಗೆ ಆ ನಾಲ್ಕು ಅಂಗಡಿಗೂ ಹೋಗಿ ಹೇಳಿ ಬಂದೆವು. ಏಪ್ರಿಲ್‌ನಿಂದ ಅವರ ಬಿಲ್ಲುಗಳು ಅವಳ ಆಫೀಸಿಗೆ ಹೋಗುತ್ತವೆ.