ಗುರುವಾರವೇ ಆಪರೇಷನ್ನಾ, ಮುಂದಿನ ವರ್ಷವಾ?

ನಮ್ಮ ಮಗ ಸಕ್ಕರೆಗೆ ಅಕ್ಕರೆ ಅನ್ನುತ್ತಿದ್ದ. ಹಾಲಿಗೆ ಆಲು. ಹಾಲು ಆಲಾಗುವುದು ನಮ್ಮ ಮಂಡ್ಯ ಕಡೆ ದೊಡ್ಡವರಲ್ಲೂ ಇದ್ದದ್ದೇ, ಹಾಗಾಗಿ ನಮಗೆ ಅನುಮಾನವೇ ಬರಲಿಲ್ಲ. ಇಲ್ಲಿ ಇಂಗ್ಲೆಂಡಿನ ಲೀಡ್ಸ್‌ನ ನರ್ಸರಿಯವರಿಗೆ ಬಂತು, ಆದರೆ ಬೇರೆ ಥರದ್ದು. ಮನೇಲಿ ಎರಡು ಭಾಷೆ ಅಲ್ವಾ, ಅದಕ್ಕೇ ಮಾತು ತಡ, ಸ್ವಲ್ಪ ದಿನ ಇಂಗ್ಲಿಷ್ ಒಂದೇ ಮಾತಾಡಿ ನೋಡಿ ಅಂದರು. ಎರಡು ವಾರ ಹಾಗೇ ಮಾಡಿದೆವು ಕೂಡ. ಈಗ ನೆನೆದರೆ ನಾಚಿಕೆ ಆಗುತ್ತೆ. ಪಾಪ, ಕನ್ನಡದ ತಪ್ಪೇನೂ ಇರಲಿಲ್ಲ. ಹುಡುಗನಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ, ಅಷ್ಟೇ.

ಕಿವಿತಮಟೆಯ ಹಿಂದೆ ಗಾಳಿ ಇರಬೇಕಾದ ಜಾಗದಲ್ಲಿ ಅಂಟಂಟು ನೀರು ತುಂಬಿಕೊಂಡಿತ್ತು. ಇಲ್ಲಿ ಇದಕ್ಕೆ ಗ್ಲೂ ಇಯರ್ ಅಂತಾರೆ. ನಮ್ಮಲ್ಲಿ ಕಿವಿ ಸೋರಿದರೆ, ಮಗು ಕಿವಿ ಹಿಡಿದುಕೊಂಡು ಅತ್ತರೆ ತಾನೇ ಡಾಕ್ಟರ ಹತ್ತಿರ ಓಡೋದು? ಇದರಲ್ಲಿ ನೋವಿಲ್ಲ, ಜ್ವರವಿಲ್ಲ, ಸೋರುವುದೂ ಇಲ್ಲ. ಮಗು ಟಿವಿ ಹತ್ತಿರ ಹೋಗಿ ಕೂರುತ್ತೆ, ಕರೆದರೆ ತಿರುಗಲ್ಲ, ನಾವು ಹಟ ಅಂದುಕೊಳ್ತೀವಿ. ಜೊತೆಗೆ ಇವನಿಗೆ ಮೂಗಿನ ಹಿಂದಿನ ಅಡಿನಾಯ್ಡ್ ಅನ್ನೋ ಗಡ್ಡೆ ಊದಿತ್ತು. ಬಾಯಿ ಸದಾ ತೆರೆದೇ ಇರೋದು, ರಾತ್ರಿ ತಾತನ ಥರ ಗೊರಕೆ.

ಫೆಬ್ರವರಿಯಲ್ಲಿ ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರ ಹತ್ತಿರ ಹೋದೆವು. ಕಿವಿ ಪರೀಕ್ಷೆಗೆ ಕರೆ ಬಂದಿದ್ದು ಮೇ ತಿಂಗಳಲ್ಲಿ. ಅದೊಂದು ಆಟ. ಸದ್ದು ಕೇಳಿದಾಗಲೆಲ್ಲ ಮರದ ಗೊಂಬೆಯೊಂದನ್ನು ದೋಣಿಯಲ್ಲಿ ಕೂರಿಸಬೇಕು. ಸ್ಪೀಕರಿನಿಂದ ಬಂದ ಸದ್ದು ಹಿಂದೆ ಕೂತಿದ್ದ ನನಗೆ ಚೆನ್ನಾಗಿ ಕೇಳುತ್ತಿತ್ತು. ಅವನು ಗೊಂಬೆ ಹಿಡಿದುಕೊಂಡು, ಯಾವಾಗ ಹಾಕಲಿ ಅಂತ ಪರೀಕ್ಷೆ ಮಾಡುತ್ತಿದ್ದಾಕೆಯ ಮುಖವನ್ನೇ ನೋಡುತ್ತಾ ಕೂತಿದ್ದ. ದೋಣಿ ಖಾಲಿ. ಹೆಡ್‌ಫೋನ್ ಹಾಕಿ ಅಳೆದಾಗ, ಇದ್ದುದರಲ್ಲಿ ಒಳ್ಳೆಯ ಕಿವಿಗೂ ಸದ್ದು 35 ಡೆಸಿಬಲ್‌ಗೆ ಏರಿದಾಗಲೇ ಕೇಳಿದ್ದು. 20ರ ಒಳಗೇ ಕೇಳಬೇಕಿತ್ತು.

ಈಗ ಏನು ಮಾಡೋದು ಅಂದೆ. ಮೂರು ತಿಂಗಳು ಕಾಯೋಣ ಅಂದರು.

ಊರಿಗೆ ಫೋನ್ ಮಾಡಿದರೆ ಅಮ್ಮನಿಗೆ ಸಿಟ್ಟು. "ಮಗೂಗೆ ಕಿವಿ ಕೇಳಲ್ಲ ಅಂದ್ರೆ ಅವರು ಮೀನಮೇಷ ಎಣಿಸ್ತಾ ಕೂತಿದ್ದಾರಾ? ಕರ್ಕೊಂಡು ಬಾ ಇಲ್ಲಿಗೆ." ಹೇಗೂ ಆಗಸ್ಟಿನಲ್ಲಿ ಬರುವವರಿದ್ದೆವು. ಮೈಸೂರಿನ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು, ಹೆಸರು ಬೇಡ. ಹೇಳಲೇಬೇಕು, ಅಲ್ಲಿ ಕೆಲಸ ಆದ ವೇಗ ನೋಡಿ ನನಗೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಹನ್ನೊಂದು ಗಂಟೆಗೆ ಚೀಟಿ ಮಾಡಿಸಿದೆ, ಊಟದ ಹೊತ್ತಿಗೆ ಕಿವಿತಮಟೆ ಅಲುಗಾಡುತ್ತಾ ಅಂತ ನೋಡುವ ಪರೀಕ್ಷೆಯೂ ಆಗಿ, ಮೂಗಿನ ಎಕ್ಸ್‌ರೇಯೂ ಆಗಿ, ಎಲ್ಲ ರಿಪೋರ್ಟ್ ಕೈಯಲ್ಲಿತ್ತು. ಲೀಡ್ಸ್‌ನಲ್ಲಿ ಇಷ್ಟಕ್ಕೆ ಅರ್ಧ ವರ್ಷ ಬೇಕು.

ಆಮೇಲೆ ಡಾಕ್ಟರು ಟಾರ್ಚ್ ಹಾಕಿ ಗಂಟಲು ನೋಡಿದರು. ಟಾನ್ಸಿಲ್ಲೂ ದೊಡ್ಡದಿದೆ, ಹೇಗೂ ಅರಿವಳಿಕೆ ಕೊಡ್ತೀವಲ್ಲ, ಟಾನ್ಸಿಲ್, ಅಡಿನಾಯ್ಡ್, ಕಿವಿತಮಟೆಯಲ್ಲಿ ಕೂರಿಸುವ ಗ್ರೊಮೆಟ್ ಅನ್ನೋ ಪುಟ್ಟ ಕೊಳವೆ, ಮೂರೂ ಮುಗಿಸಿಬಿಡೋಣ, ಗುರುವಾರ ಖಾಲಿ ಇದೆ ಅಂದರು. ಹೊರಗೆ ಕೌಂಟರಿನ ಹುಡುಗಿ ಕೇಳಿದ್ದು ಒಂದೇ ಪ್ರಶ್ನೆ: ಇನ್ಶೂರೆನ್ಸ್ ಇದೆಯಾ ಸಾರ್?

ಇವನಿಗೆ ವರ್ಷಕ್ಕೆ ಎಷ್ಟು ಸಲ ಗಂಟಲು ನೋವು ಬರುತ್ತೆ ಅಂತ ಯಾರೂ ಕೇಳಲಿಲ್ಲ. ಬರುತ್ತಿದ್ದದ್ದು ಎರಡು ಸಲ. ಬ್ರಿಟನ್ನಿನಲ್ಲಿ ಗಂಟಲು ನೋವಿಗೆ ಟಾನ್ಸಿಲ್ ತೆಗೆಯಬೇಕಾದರೆ ಲೆಕ್ಕ ಕೊಡಬೇಕು. ಒಂದು ವರ್ಷದಲ್ಲಿ 7 ಸಲ, ಇಲ್ಲವೇ ಎರಡು ವರ್ಷ ವರ್ಷಕ್ಕೆ 5ರಂತೆ, ಇಲ್ಲವೇ ಮೂರು ವರ್ಷ ವರ್ಷಕ್ಕೆ 3ರಂತೆ. ಬರೀ ದೊಡ್ಡದಿದೆ ಅನ್ನೋದು ಲೆಕ್ಕಕ್ಕಿಲ್ಲ. ಈ ವಯಸ್ಸಿನಲ್ಲಿ ಟಾನ್ಸಿಲ್ ದೊಡ್ಡದಾಗಿರೋದು ಸಹಜ, ಬೆಳೀತಾ ಕುಗ್ಗುತ್ತೆ. ಮೊದಮೊದಲು ನನಗಿದು ಕಂಜೂಸುತನ ಅನಿಸಿತ್ತು, ಸರ್ಕಾರದ ದುಡ್ಡು ಉಳಿಸೋಕೆ ಕಟ್ಟಿದ ಬೇಲಿ ಅಂತ. ಆಮೇಲೆ ಓದುತ್ತಾ ಹೋದೆ. 1930ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ 11 ವರ್ಷದ 1000 ಶಾಲಾ ಮಕ್ಕಳನ್ನು ಪರೀಕ್ಷೆ ಮಾಡಿದ್ದರಂತೆ. ಅವರಲ್ಲಿ ನೂರಕ್ಕೆ 61 ಮಕ್ಕಳ ಟಾನ್ಸಿಲ್ ಆಗಲೇ ಹೋಗಿತ್ತು. ಉಳಿದವರನ್ನು ಡಾಕ್ಟರುಗಳಿಗೆ ತೋರಿಸಿದರೆ ಹೆಚ್ಚುಕಮ್ಮಿ ಅರ್ಧ ಮಕ್ಕಳಿಗೆ ತೆಗೀಬೇಕು ಅಂದರು. ಬೇಡ ಅನಿಸಿಕೊಂಡವರನ್ನು ಬೇರೆ ಡಾಕ್ಟರುಗಳಿಗೆ ತೋರಿಸಿದರೆ, ಅದರಲ್ಲೂ ಅರ್ಧಕ್ಕೆ ಬೇಕು! ಮೂರನೇ ಸಲವೂ ಅದೇ. ಕೊನೆಗೆ ಉಳಿದದ್ದು 65 ಮಕ್ಕಳು. ಟಾರ್ಚ್ ಹಾಕಿ ನೋಡುವ ಕಣ್ಣು ಎಷ್ಟು ಒಳ್ಳೆಯದಾದರೂ ಅದೊಂದನ್ನೇ ನಂಬಬಾರದು ಅಂತ ನನಗೆ ಅನಿಸಿದ್ದು ಆಗಲೇ.

ಗುರುವಾರ ಬೇಡ ಅಂದೆ. ಮನೇಲಿ ಎರಡು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅಜ್ಜಿ ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿಟ್ಟಿದ್ದರು, ಅದನ್ನು ಅವನ ಕಿವಿಗೆ ಬಿಡದಂತೆ ಕಾಯೋದೇ ನನ್ನ ರಜೆಯ ಕೆಲಸ ಆಯಿತು.

ಹಾಗಂತ ಇಲ್ಲಿ ಲೀಡ್ಸ್‌ನವರನ್ನು ತಲೆ ಮೇಲೆ ಹೊತ್ತುಕೊಂಡು ಕುಣಿಯೋಕೂ ಮನಸ್ಸಿಲ್ಲ. ಮೂರು ತಿಂಗಳು ಕಾಯಿರಿ ಅನ್ನೋದರಲ್ಲಿ ಅರ್ಥ ಇದೆ, ಎಷ್ಟೋ ಮಕ್ಕಳಲ್ಲಿ ಆ ನೀರು ತಾನಾಗೇ ಇಂಗುತ್ತೆ. ಆದರೆ ಇವನದು ಇಂಗಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆ, ಮತ್ತೆ ಅದೇ 35. ಅಡಿನಾಯ್ಡ್ ತೆಗೆದು ಗ್ರೊಮೆಟ್ ಹಾಕೋಣ, ಟಾನ್ಸಿಲ್ ಮುಟ್ಟೋದು ಬೇಡ ಅಂದರು. ಸರಿ, ಯಾವಾಗ? ಫೆಬ್ರವರಿ. ಕಾದು ನೋಡೋದು ಬೇರೆ, ಸುಮ್ನೆ ಸಾಲಲ್ಲಿ ನಿಲ್ಲಿಸೋದು ಬೇರೆ. ಎರಡಕ್ಕೂ ಇಲ್ಲಿ ಒಂದೇ ಹೆಸರು ಇಟ್ಟಿದ್ದಾರೆ ಅನ್ನೋದು ನನ್ನ ತಕರಾರು. ಅಷ್ಟರಲ್ಲಿ ಅವನು ಶಾಲೆಗೆ ಸೇರಿ, ಒಂದಿಡೀ ಟರ್ಮ್ ಟೀಚರ್ ಏನು ಹೇಳ್ತಿದ್ದಾರೆ ಅಂತ ಪಕ್ಕದ ಹುಡುಗನ ಪುಸ್ತಕ ನೋಡಿ ಊಹಿಸಿದ.

ಗೊರಕೆಯ ವಿಷಯದಲ್ಲಿ ಮಾತ್ರ ಇಲ್ಲಿಯ ಒಂದು ಪ್ರಶ್ನೆ ನನಗೆ ಹಿಡಿಸಿತು. ಗೊರಕೆ ಎಷ್ಟು ಜೋರು ಅಂತ ಕೇಳಲಿಲ್ಲ, ಮಧ್ಯೆ ಉಸಿರು ನಿಲ್ಲುತ್ತಾ ಅಂತ ಕೇಳಿದರು, ಮೊಬೈಲಿನಲ್ಲಿ ವಿಡಿಯೋ ಮಾಡಿ ತನ್ನಿ ಅಂದರು. ಮೂರು ರಾತ್ರಿ ಮಂಚದ ಪಕ್ಕ ಕೂತು ಮಾಡಿದೆ. ನಿಲ್ಲುತ್ತಿರಲಿಲ್ಲ. ನಿಲ್ಲುವ ಮಕ್ಕಳ ಕತೆ ಬೇರೆ, ಅಲ್ಲಿ ಟಾನ್ಸಿಲ್ ತೆಗೆಸೋಕೆ ಗಂಟಲು ನೋವಿನ ಲೆಕ್ಕ ಕೇಳುತ್ತಾ ಕೂರೋದೇ ತಪ್ಪು. ಅಮೆರಿಕದಲ್ಲಿ 464 ಮಕ್ಕಳ ಮೇಲೆ ನಡೆದು 2013ರಲ್ಲಿ ಬಂದ ಅಧ್ಯಯನದಲ್ಲಿ, ಆಪರೇಷನ್ ಆದವರಲ್ಲಿ ನೂರಕ್ಕೆ 79 ಮಕ್ಕಳ ನಿದ್ದೆಯ ಉಸಿರು ಸರಿಹೋಯಿತು, ಕಾದವರಲ್ಲಿ 46. ಕಾದರೂ ಅರ್ಧದಷ್ಟು ಮಕ್ಕಳಿಗೆ ವಾಸಿಯಾಯಿತು ಅಂತಲೂ ಓದಬಹುದು, ಕಾದಿದ್ದಕ್ಕೆ ಉಳಿದರ್ಧ ಮಕ್ಕಳು ನಿದ್ದೆಗೆಟ್ಟವು ಅಂತಲೂ ಓದಬಹುದು. ನಿಮ್ಮ ಮಗು ಯಾವ ಅರ್ಧದಲ್ಲಿದೆ ಅನ್ನೋದನ್ನ ನೀವು ರಾತ್ರಿ ಎದ್ದು ಕೂತೇ ನೋಡಬೇಕು.

ನನ್ನ ಕೇಳಿದರೆ ಪರೀಕ್ಷೆ ಮೈಸೂರಿನ ವೇಗದಲ್ಲಿ ಆಗಬೇಕು, ಆಪರೇಷನ್ ಬೇಕಾ ಬೇಡವಾ ಅನ್ನುವ ಯೋಚನೆ ಲೀಡ್ಸ್‌ನ ನಿಧಾನದಲ್ಲಿ. ಈ ಜೋಡಿ ಎರಡು ಊರಲ್ಲೂ ಸಿಗಲಿಲ್ಲ.

ಆಪರೇಷನ್ ಅರ್ಧ ಗಂಟೆಯಲ್ಲಿ ಮುಗಿಯಿತು, ಸಂಜೆ ಮನೆಗೆ ಬಂದೆವು. ಊರಲ್ಲಿ ಆಗಿದ್ದರೆ ಐಸ್‌ಕ್ರೀಂ ಕೊಡಿ ಅನ್ನುತ್ತಿದ್ದರು, ಇಲ್ಲಿ ಟೋಸ್ಟ್ ಕೊಟ್ಟು ಚೆನ್ನಾಗಿ ಅಗಿಯಲಿ ಅಂದರು. ತಲೆಗೆ ಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಗೆ ಇಡಿ, ಸೋಪಿನ ನೀರು ಹೋಗಬಾರದು ಅಂದರು. ಆ ದೀಪಾವಳಿಯ ಎಣ್ಣೆಸ್ನಾನಕ್ಕೂ ಹಾಗೇ ಕೂರಿಸಿದ್ದೆವು. ಸಾಸಿವೆ ಕಾಳಿನಷ್ಟಿದ್ದ ಗ್ರೊಮೆಟ್‌ಗಳಲ್ಲಿ ಒಂದು ಡಿಸೆಂಬರಿನಲ್ಲಿ ದಿಂಬಿನ ಮೇಲೆ ಸಿಕ್ಕಿತು, ಇನ್ನೊಂದು ಕಿವಿಯಲ್ಲೇ ಇದೆ.

ಆಪರೇಷನ್ ಆದ ನಾಲ್ಕನೇ ದಿನ ಅಡುಗೆಮನೆಯಿಂದ ಊಟಕ್ಕೆ ಕರೆದೆ. ಬಾಗಿಲಲ್ಲಿ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದ. "ಅಪ್ಪಾ, ಯಾಕೆ ಕಿರುಚ್ತೀಯ?"